ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ತಡವಾಗಿ ಏಳುತ್ತಿದೆಯಾ? ಮೊದಲು ಗಡಿಯಾರ ಹಿಡಿಯಿರಿ

ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ವಿಂಡೋಸ್‌ಗೆ ಅಪ್‌ಡೇಟ್ ಬಿಡುತ್ತದೆ. ಆಗ ನಮ್ಮಲ್ಲಿ ರಾತ್ರಿ 10:30 ಅಥವಾ 11:30 ಆಗಿರುತ್ತದೆ. ಬುಧವಾರ ಬೆಳಿಗ್ಗೆಯಿಂದ ಹುಬ್ಬಳ್ಳಿಯ ನನ್ನ ರಿಪೇರಿ ಅಂಗಡಿಗೆ ಫೋನ್ ಶುರು. "ಸರ್ರ, ರಾತ್ರಿ ಅಪ್‌ಡೇಟ್ ಆತ್ರಿ. ಮುಂಜಾನಿಂದ ಬರೇ ಗೋಲ್ ತಿರಗಾಕತ್ತೈತಿ. ಫಾರ್ಮ್ಯಾಟ್ ಹೊಡದಬಿಡೂಣೇನ್ರಿ?"

ಬೇಡ. ಫಾರ್ಮ್ಯಾಟ್ ಮಾತು ಸದ್ಯಕ್ಕೆ ಬಿಡಿ. ನಾನು ನೋಡಿದ ಇಂಥ ಮಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಫಾರ್ಮ್ಯಾಟ್ ಬೇಕಾಗಿರಲಿಲ್ಲ. ಫಾರ್ಮ್ಯಾಟ್ ಮಾಡಿಸಿದ ಕೆಲವರಿಗೆ ಒಂದು ವಾರದಲ್ಲೇ ಅದೇ ತೊಂದರೆ ಮರಳಿ ಬಂತು, ಯಾಕೆಂದರೆ ದೋಷ ಇದ್ದದ್ದು ಬೇರೆ ಕಡೆ. ನಡುವೆ ಫೋಟೋ, ಲೆಕ್ಕ, ಪತ್ರ ಎಲ್ಲ ಹೋಗಿತ್ತು.

ಗದಗಿನ ಗಾಡಿ ತಡವಾಯಿತು ಅಂದರೆ ನಾವು ಏನು ಕೇಳುತ್ತೇವೆ? ಹುಬ್ಬಳ್ಳಿ ಬಿಡುವಾಗಲೇ ತಡವಾಯಿತೋ, ಅಣ್ಣಿಗೇರಿಯಲ್ಲಿ ನಿಂತಿತೋ ಅಂತ ಕೇಳುತ್ತೇವೆ, ಅಲ್ವಾ? ಕಂಪ್ಯೂಟರಿಗೂ ಅದನ್ನೇ ಕೇಳಬೇಕು.

ಫೋನಿನಲ್ಲಿ ಸ್ಟಾಪ್‌ವಾಚ್ ತೆಗೆಯಿರಿ, ಒಂದು ಚೀಟಿ ಇಟ್ಟುಕೊಳ್ಳಿ. ಮೂರು ಹೊತ್ತು ಬರೆಯಬೇಕು. ಬಟನ್ ಒತ್ತಿದಾಗಿನಿಂದ ಗೋಲ್ ತಿರುಗಲು ಶುರುವಾಗುವವರೆಗೆ ಎಷ್ಟು. ಅಲ್ಲಿಂದ ಪಾಸ್‌ವರ್ಡ್ ಕೇಳುವವರೆಗೆ ಎಷ್ಟು. ಪಾಸ್‌ವರ್ಡ್ ಹಾಕಿದ ಮೇಲೆ ನಿಜವಾಗಿ ಕೆಲಸ ಮಾಡಲು ಬರುವವರೆಗೆ ಎಷ್ಟು. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಹೊಸ ಬಗೆಯ ಡಿಸ್ಕ್) ಇರುವ ಮಷಿನ್ ಸಾಮಾನ್ಯವಾಗಿ ಅರ್ಧ ನಿಮಿಷದ ಒಳಗೆ ಏಳುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಆದರೆ ಎರಡು-ಮೂರು ನಿಮಿಷ ಸಹಜ. ಈ ಮೂರರಲ್ಲಿ ಯಾವ ಹೊತ್ತು ಉದ್ದವಾಗಿದೆಯೋ ಅದೇ ನಿಮಗೆ ದಾರಿ ತೋರಿಸುತ್ತದೆ.

ಏನೇ ಮುಟ್ಟುವ ಮೊದಲು

ಮಷಿನ್ ತಡವಾಗಿಯಾದರೂ ಏಳುತ್ತಿದ್ದರೆ ಮೊದಲು ಮುಖ್ಯವಾದ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಅಥವಾ ಪೆನ್ ಡ್ರೈವಿಗೆ ಕಾಪಿ ಮಾಡಿ. ಟ್ಯಾಲಿ ಬ್ಯಾಕಪ್, ಮಕ್ಕಳ ಫೋಟೋ, ಪಿಎಚ್‌ಡಿ ಅಧ್ಯಾಯ, ಹೊಲದ ಕಾಗದಪತ್ರದ ಸ್ಕ್ಯಾನ್, ಎಲ್ಲವೂ. ಇದಕ್ಕೆ ಅರ್ಧ ದಿನ ಹೋದರೂ ಹೋಗಲಿ.

ಎರಡನೆಯದು ಬಿಟ್‌ಲಾಕರ್ ಕೀ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ತಾನಾಗಿಯೇ ಬಿದ್ದಿರುವುದುಂಟು. ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಏನಾದರೂ ಬದಲಿಸಿದರೆ, ಅಥವಾ ರಿಪೇರಿ ಪರದೆಗೆ ಹೋದರೆ, ಅದು 48 ಅಂಕಿಗಳ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಫೋನಿನಿಂದ ಖಾತೆಗೆ ಲಾಗಿನ್ ಆಗಿ, ಈಗಲೇ ನೋಡಿ ಬರೆದಿಡಿ. ಕೀ ಇಲ್ಲದಿದ್ದರೆ ನನ್ನಂಥ ರಿಪೇರಿಯವರೂ ಆ ಡಿಸ್ಕ್ ತೆರೆಯಲಾರರು.

ಮೂರನೆಯದು ಕರೆಂಟು. ಪರದೆಯ ಮೇಲೆ ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಎಂದು ಬಂದಿದ್ದರೆ ಪವರ್ ಬಟನ್ ಮುಟ್ಟಬೇಡಿ. ಹಾರ್ಡ್ ಡಿಸ್ಕ್ ಇರುವ ಮಷಿನ್ ಒಂದೇ ಪರ್ಸೆಂಟಿನಲ್ಲಿ ಅರ್ಧ ತಾಸು ನಿಂತರೂ ಗಾಬರಿ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸಂಜೆ ಹೊತ್ತು ಅಡ್ಡಮಳೆ, ಗಾಳಿ, ಕರೆಂಟ್ ಹೋಗುವುದು ಇದ್ದದ್ದೇ. ಸಣ್ಣ ಯುಪಿಎಸ್ ಹತ್ತು-ಹದಿನೈದು ನಿಮಿಷ ತಾಳಬಹುದು, ದೊಡ್ಡ ಅಪ್‌ಡೇಟಿಗೆ ಅದು ಸಾಲದು. ಅಂಥ ದಿನಗಳಲ್ಲಿ ಅಪ್‌ಡೇಟ್ ಬೆಳಿಗ್ಗೆ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಚಾರ್ಜರ್ ಸಿಕ್ಕಿಸಿಯೇ ಇರಲಿ.

"ನಿನ್ನೆ ಅಪ್‌ಡೇಟ್ ಆತು, ಇವತ್ತ ಭಾಳ ಸ್ಲೋ ಆಗೇತಿ"

ಒಂದೆರಡು ದಿನ ತಾಳಿ. ಇದು ಸುಮ್ನೆ ಹೇಳುವ ಮಾತಲ್ಲ.

ಅಪ್‌ಡೇಟ್ ಮುಗಿಯಿತು ಎಂದು ಪರದೆ ಹೇಳಿದರೂ ಒಳಗಿನ ಕೆಲಸ ಮುಗಿದಿರುವುದಿಲ್ಲ. ಹಳೆಯ ಫೈಲುಗಳನ್ನು ಬದಿಗಿಟ್ಟು ಜಾಗ ಸರಿಪಡಿಸುವುದು, ಹುಡುಕಾಟದ ಪಟ್ಟಿಯನ್ನು ಮತ್ತೆ ಬರೆಯುವುದು, ಹೊಸ ಫೈಲುಗಳನ್ನು ವೈರಸ್‌ಗಾಗಿ ತಪಾಸಣೆ ಮಾಡುವುದು, ಎಲ್ಲ ಬಾಕಿ ಇರುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್, ಸರ್ಚ್ ಇಂಡೆಕ್ಸರ್, ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ ಎಂಬ ಹೆಸರುಗಳು ಮೇಲೆ ಕಂಡರೆ ಮಷಿನ್ ಇನ್ನೂ ಮನೆ ಒಪ್ಪ ಮಾಡುತ್ತಿದೆ ಎಂದು ತಿಳಿಯಿರಿ. ಅವನ್ನು ಬಲವಂತವಾಗಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಆ ಕೆಲಸ ನಾಳೆಗೆ ಉಳಿಯುತ್ತದೆ, ಅಷ್ಟೇ.

ಚಾರ್ಜರ್ ಹಾಕಿ, ನೆಟ್ ಇಟ್ಟು, ಎರಡು-ಮೂರು ತಾಸು ಮಷಿನ್ನನ್ನು ಆನ್ ಇಟ್ಟುಬಿಡಿ. ಲ್ಯಾಪ್‌ಟಾಪ್ ನಿದ್ದೆ ಹೋಗದಂತೆ ಮುಚ್ಚಳ ತೆರೆದಿರಲಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು ಇನ್ನೊಂದು ರೀಸ್ಟಾರ್ಟ್ ಕೇಳುತ್ತಿದೆಯಾ ನೋಡಿ. ಕೇಳುತ್ತಿದ್ದರೆ ಕೊಡಿ. ಎರಡು ಸಲ ರೀಸ್ಟಾರ್ಟ್ ಮಾಡಿ ಮತ್ತೆ ಗಡಿಯಾರ ಹಿಡಿಯಿರಿ. ಇದಕ್ಕೆ ನಯಾಪೈಸೆ ಖರ್ಚಿಲ್ಲ. ಬುಧವಾರ ಫೋನ್ ಮಾಡಿದವರಲ್ಲಿ ಹಲವರ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಎರಡು ದಿನ ಕಳೆದರೂ ಹಾಗೇ ಇದ್ದರೆ ಮುಂದೆ ಓದಿ.

"ರೀಸ್ಟಾರ್ಟ್ ಕೊಟ್ರ ಜಲ್ದಿ ಬರತೈತಿ, ಮುಂಜಾನೆ ಚಾಲೂ ಮಾಡಿದ್ರ ತಡ"

ಈ ಲಕ್ಷಣ ಬಹಳ ಸ್ಪಷ್ಟ. ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಸೌಲಭ್ಯದ ಕಡೆ ಬೆರಳು ತೋರಿಸುತ್ತದೆ.

ನೀವು ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನ ಮೇಲೆ ಒಂದು ಫೈಲಿನಲ್ಲಿ ಬರೆದಿಟ್ಟು ಆಫ್ ಆಗುತ್ತದೆ. ಮರುದಿನ ಅದನ್ನೇ ಓದಿ ಏಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಮೊದಲಿನಿಂದ ಹೊಸದಾಗಿ ಏಳುತ್ತದೆ. ಅಪ್‌ಡೇಟಿನಲ್ಲಿ ಡ್ರೈವರ್ (ಪ್ರಿಂಟರ್, ಪರದೆಯಂಥ ಭಾಗಗಳನ್ನು ನಡೆಸುವ ಪ್ರೋಗ್ರಾಂ) ಬದಲಾಗಿದ್ದು, ಬರೆದಿಟ್ಟ ಸ್ಥಿತಿಗೂ ಅದಕ್ಕೂ ಹೊಂದದಿದ್ದರೆ ಕಪ್ಪು ಪರದೆಯಲ್ಲೇ ನಿಂತುಬಿಡುತ್ತದೆ.

ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಸಿಪಿಯು ಒತ್ತಿ. ಕೆಳಗೆ ಅಪ್ ಟೈಮ್ ಎಂದು ಇರುತ್ತದೆ. ದಿನಾ ಸಂಜೆ ತಪ್ಪದೆ ಶಟ್‌ಡೌನ್ ಮಾಡುವ ಧಾರವಾಡದ ನಿವೃತ್ತ ಮೇಷ್ಟ್ರೊಬ್ಬರ ಮಷಿನ್ನಿನಲ್ಲಿ ಅದು 19 ದಿನ ತೋರಿಸುತ್ತಿತ್ತು. ಅವರು ನಂಬಲೇ ಇಲ್ಲ. ಅಷ್ಟು ದಿನ ಅದು ಒಮ್ಮೆಯೂ ಹೊಸದಾಗಿ ಎದ್ದಿರಲಿಲ್ಲ.

ತೆಗೆಯುವುದು ಸುಲಭ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಎಡಗಡೆ ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಸಾಲು. ಅಲ್ಲಿ ಮೇಲೆ ಸಣ್ಣ ಅಕ್ಷರದಲ್ಲಿ ಸದ್ಯ ಲಭ್ಯವಿಲ್ಲದ ಸೆಟ್ಟಿಂಗ್ ಬದಲಿಸುವ ಸಾಲು ಇದೆ, ಅದನ್ನು ಒತ್ತಿ. ಕೆಳಗೆ ಟರ್ನ್ ಆನ್ ಫಾಸ್ಟ್ ಸ್ಟಾರ್ಟ್‌ಅಪ್ ಎಂಬುದರ ಟಿಕ್ ತೆಗೆದು ಸೇವ್ ಮಾಡಿ. ಎಸ್‌ಎಸ್‌ಡಿ ಇದ್ದರೆ ಇದನ್ನು ತೆಗೆದದ್ದು ನಿಮಗೆ ಗೊತ್ತೂ ಆಗದು. ಹಾರ್ಡ್ ಡಿಸ್ಕ್ ಆದರೆ ಒಮ್ಮೊಮ್ಮೆ ತೆಗೆದ ಮೇಲೆ ಇನ್ನೂ ನಿಧಾನ ಆಗಬಹುದು. ಗಡಿಯಾರ ನೋಡಿ ತೀರ್ಮಾನಿಸಿ. ಬೇಡವಾದರೆ ಟಿಕ್ ಮತ್ತೆ ಹಾಕಿ.

"ಪಾಸ್‌ವರ್ಡ್ ಜಲ್ದಿ ಕೇಳತೈತಿ, ಆಮ್ಯಾಲೆ ಹತ್ತು ನಿಮಿಷ ಏನ್ ಒತ್ತಿದ್ರೂ ಕೇಳಂಗಿಲ್ಲ"

ಮೂರನೇ ಹೊತ್ತು ಉದ್ದ. ಅಂದರೆ ವಿಂಡೋಸ್ ತನ್ನ ಪಾಲಿನ ಕೆಲಸ ಮುಗಿಸಿದೆ. ಅದರ ಹಿಂದೆ ಬಾಗಿಲಲ್ಲಿ ನೂಕುನುಗ್ಗಲು ಮಾಡುತ್ತಿರುವವರು ಬೇರೆ.

ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟ್‌ಅಪ್ ಆ್ಯಪ್ಸ್ ತೆರೆಯಿರಿ. ಪ್ರತಿ ಹೆಸರಿನ ಎದುರು ಅದು ಎಷ್ಟು ಭಾರ ಎಂದು ಬರೆದಿರುತ್ತದೆ: ಹೈ, ಮೀಡಿಯಂ, ಲೋ. ಹೈ ಇರುವವನ್ನು ಒಂದೊಂದಾಗಿ ನೋಡಿ, ಬೇಡವಾದದ್ದನ್ನು ಡಿಸೇಬಲ್ ಮಾಡಿ. ಡಿಸೇಬಲ್ ಅಂದರೆ ಅಳಿಸುವುದಲ್ಲ. ಬೇಕಾದಾಗ ನೀವೇ ತೆರೆಯಬಹುದು. ಬ್ರೌಸರ್, ಮೀಟಿಂಗ್ ಆ್ಯಪ್, ಗೇಮ್ ಲಾಂಚರ್, ಪ್ರಿಂಟರ್ ಕಂಪನಿಯ ಇಂಕ್ ತೋರಿಸುವ ಪ್ರೋಗ್ರಾಂ, ಇವು ಬೆಳಿಗ್ಗೆಯೇ ಏಳಬೇಕಿಲ್ಲ. ಬಿಡಬೇಕಾದವು: ಆಂಟಿವೈರಸ್, ಸೌಂಡ್, ಟಚ್‌ಪ್ಯಾಡ್. ನುಡಿಯಲ್ಲಿ ಟೈಪ್ ಮಾಡುವವರು ನುಡಿಯನ್ನೂ ಬಿಡಿ, ಅದು ಹಗುರ.

ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿನ ಒಂದು ಪ್ರೆಸ್ಸಿನ ಡಿಟಿಪಿ ಮಷಿನ್ ಮದುವೆ ಪತ್ರಿಕೆಯ ಸೀಸನ್ನಿನಲ್ಲೇ ಹೀಗೆ ಕೂತಿತ್ತು. ಪಟ್ಟಿ ನೋಡಿದರೆ 20ಕ್ಕಿಂತ ಜಾಸ್ತಿ ಹೆಸರು. ಅದರಲ್ಲಿ ಮೂರು ಪ್ರಿಂಟರ್‌ಗಳವು, ಎರಡು ಪ್ರಿಂಟರ್ ಎಂದೋ ಮಾರಿ ಆಗಿತ್ತು. ಎಲ್ಲಕ್ಕಿಂತ ಭಾರವಾಗಿದ್ದದ್ದು ಎರಡು ಆಂಟಿವೈರಸ್. ದುಡ್ಡು ಕೊಟ್ಟು ಹಾಕಿಸಿದ್ದರ ಅವಧಿ ಮುಗಿದಿತ್ತು. ಅದನ್ನು ತೆಗೆಯದೆ ಮೇಲೆ ಇನ್ನೊಂದು ಹಾಕಿದ್ದರು. ಅಪ್‌ಡೇಟ್ ತಂದ ಪ್ರತಿ ಹೊಸ ಫೈಲನ್ನೂ ಎರಡೂ ಸೇರಿ ತಡೆದು ನೋಡುತ್ತಿದ್ದವು. ಒಂದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿದ ಮೇಲೆ ಒಂಬತ್ತು ನಿಮಿಷ ಇದ್ದದ್ದು ಎರಡಕ್ಕೆ ಇಳಿಯಿತು. ಆಂಟಿವೈರಸ್ ಒಂದೇ ಇರಲಿ. ಬೇರೆ ಏನೂ ಇಲ್ಲದಿದ್ದರೆ ವಿಂಡೋಸ್‌ನ ಡಿಫೆಂಡರ್ ತಾನೇ ಕಾವಲಿಗೆ ನಿಲ್ಲುತ್ತದೆ.

ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್ ಇನ್ ಆಪ್ಷನ್ಸ್ ಒಳಗೆ ಇನ್ನೊಂದು ಕೀಲಿ ಇದೆ. ಹಿಂದಿನ ಸಲ ತೆರೆದಿದ್ದ ಆ್ಯಪ್‌ಗಳನ್ನು ಮತ್ತೆ ತಾನೇ ತೆರೆಯುವ ಸೌಲಭ್ಯ ಅದು. ಆಫ್ ಮಾಡಿ. ಎಷ್ಟೋ ಜನರಿಗೆ 30 ಟ್ಯಾಬ್ ಇರುವ ಬ್ರೌಸರ್ ದಿನಾ ತಾನಾಗಿಯೇ ಏಳುತ್ತಿರುವುದು ಇದರಿಂದ.

ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಮೂರು ಕಂಪ್ಯೂಟರ್. ಲೆಕ್ಕದ ಫೈಲು ಇರುವುದು ಮಾಲಕರ ಟೇಬಲ್ಲಿನ ಮಷಿನ್ನಿನಲ್ಲಿ, ಉಳಿದ ಎರಡಕ್ಕೆ ಅದು ನೆಟ್‌ವರ್ಕ್ ಡ್ರೈವ್ ಆಗಿ ಕಾಣುತ್ತದೆ. ಗುಮಾಸ್ತರು ಒಂಬತ್ತಕ್ಕೆ ಬಂದು ತಮ್ಮ ಮಷಿನ್ ಹಾಕುತ್ತಾರೆ. ಮಾಲಕರು ಬರುವುದು ಹತ್ತಕ್ಕೆ. ಇಲ್ಲದ ಡ್ರೈವನ್ನು ಹುಡುಕುತ್ತಾ ಎರಡೂ ಮಷಿನ್ ಕಾಯುತ್ತಿದ್ದವು. ಅಪ್‌ಡೇಟ್ ಆದ ದಿನವೇ ಮಾಲಕರು ಊರಿಗೆ ಹೋಗಿದ್ದರು, ಆದ್ದರಿಂದ ಎಲ್ಲರೂ ಅಪ್‌ಡೇಟನ್ನೇ ದೂರಿದರು. ಆ ಮಷಿನ್ ಮೊದಲು ಆನ್ ಮಾಡುವ ರೂಢಿ ಮಾಡಿಕೊಂಡರು. ತೊಂದರೆ ಹೋಯಿತು.

"ಗೋಲ್ ತಿರಗತ್ಲೇ ಐತಿ, ಪಾಸ್‌ವರ್ಡ್ ಕೇಳೂದ ಇಲ್ಲ"

ಎರಡನೇ ಹೊತ್ತು ಉದ್ದವಾಗಿದ್ದರೆ ಡ್ರೈವರ್ ಅಥವಾ ಸರ್ವಿಸ್ (ಹಿನ್ನೆಲೆಯಲ್ಲಿ ತಾನಾಗಿ ಓಡುವ ಪ್ರೋಗ್ರಾಂ) ಮೇಲೆ ಅನುಮಾನ.

ಮೊದಲು ಎಲ್ಲ ಕಿತ್ತುಬಿಡಿ. ಪ್ರಿಂಟರ್, ಪೆನ್ ಡ್ರೈವ್, ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚಿನ ಯಂತ್ರ, ಹೊರಗಿನ ಡಿಸ್ಕ್. ಕೀಬೋರ್ಡ್, ಮೌಸ್ ಮಾತ್ರ ಇರಲಿ. ಹಾಗೆ ಎದ್ದು ಬೇಗ ಬಂದರೆ ಒಂದೊಂದಾಗಿ ಸಿಕ್ಕಿಸುತ್ತಾ ನೋಡಿ, ಕಳ್ಳ ಸಿಗುತ್ತದೆ. ಅದರ ಡ್ರೈವರ್ ಹೊಸದು ಇದೆಯಾ ಎಂದು ಆ ಕಂಪನಿಯ ತಾಣದಲ್ಲೇ ನೋಡಿ. ಎಲ್ಲ ಡ್ರೈವರ್ ತಾನೇ ಸರಿಮಾಡುತ್ತೇನೆ ಎನ್ನುವ ಪುಕ್ಕಟೆ ಸಾಫ್ಟ್‌ವೇರ್‌ಗಳನ್ನು ದಯವಿಟ್ಟು ಹಾಕಬೇಡಿ. ಅವು ತಂದಿಡುವ ಕಸ ತೆಗೆಯುವುದೇ ನನಗೆ ದೊಡ್ಡ ಕೆಲಸ.

ಆಮೇಲೆ ಸಿ ಡ್ರೈವ್ ನೋಡಿ. ಕೆಂಪು ಬಣ್ಣಕ್ಕೆ ತಿರುಗಿದ್ದರೆ ಅಪ್‌ಡೇಟ್ ಅರ್ಧ ಮುಗಿದು ಅರ್ಧ ಉಳಿದಿರಬಹುದು. 15-20 ಜಿಬಿ ಖಾಲಿ ಇರಲಿ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಒಳಗೆ ಬೇಡದ್ದನ್ನು ಅಳಿಸಿ. ಆದರೆ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂದೂ ಇರುತ್ತದೆ, ಅದಕ್ಕೆ ಟಿಕ್ ಹಾಕುವ ಮುನ್ನ ಒಳಗೆ ನಿಮ್ಮ ಕಾಗದಪತ್ರ ಏನಾದರೂ ಇದೆಯಾ ನೋಡಿ. ಹಿಂದಿನ ವಿಂಡೋಸ್ ಇನ್‌ಸ್ಟಾಲೇಷನ್ ಎಂಬುದನ್ನೂ ಸದ್ಯ ಬಿಡಿ. ಅದು ಹೋದರೆ ಹಿಂದಕ್ಕೆ ಹೋಗುವ ದಾರಿ ಮುಚ್ಚುತ್ತದೆ.

ವಿಂಡೋಸ್ ತಾನೇ ಒಂದು ದಿನಚರಿ ಬರೆಯುತ್ತದೆ. ಇವೆಂಟ್ ವ್ಯೂವರ್ ತೆರೆದು, ಅಪ್ಲಿಕೇಷನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನಾಸ್ಟಿಕ್ಸ್ ಪರ್ಫಾರ್ಮೆನ್ಸ್, ಆಪರೇಷನಲ್, ಹೀಗೆ ಒಳಗೆ ಹೋಗಿ. 100 ಎಂಬ ನಂಬರಿನ ಸಾಲು ಏಳಲು ಒಟ್ಟು ಎಷ್ಟು ಹೊತ್ತಾಯಿತು ಎಂದು ಹೇಳುತ್ತದೆ. ಅಂಕಿ ಮಿಲಿಸೆಕೆಂಡಿನಲ್ಲಿ ಇರುತ್ತದೆ, 1000ದಿಂದ ಭಾಗಿಸಿದರೆ ಸೆಕೆಂಡು. 101 ಇದ್ದರೆ ತಡ ಮಾಡಿದ್ದು ಪ್ರೋಗ್ರಾಂ, 102 ಇದ್ದರೆ ಡ್ರೈವರ್, 103 ಇದ್ದರೆ ಸರ್ವಿಸ್. ಹೆಸರೂ ಅಲ್ಲೇ ಇರುತ್ತದೆ. ಇಷ್ಟು ಒಳ್ಳೆಯ ಸಾಕ್ಷಿ ಮಷಿನ್ನಿನ ಒಳಗೇ ಇರುವುದು ಬಹಳ ಜನರಿಗೆ ಗೊತ್ತಿಲ್ಲ. ಹಿಂದಿನ ತಿಂಗಳಿನ 100ನೇ ಸಾಲುಗಳನ್ನೂ ತೆಗೆದು ನೋಡಿ. ಅಪ್‌ಡೇಟಿಗೆ ಮೊದಲೇ ದಿನದಿಂದ ದಿನಕ್ಕೆ ಅಂಕಿ ಏರುತ್ತಾ ಬಂದಿದ್ದರೆ ಅಪ್‌ಡೇಟ್ ಬರೀ ನೆಪ.

ಡ್ರೈವರ್ ಹೆಸರು ಸಿಕ್ಕರೆ ಡಿವೈಸ್ ಮ್ಯಾನೇಜರಿನಲ್ಲಿ ಅದರ ಪ್ರಾಪರ್ಟೀಸ್ ತೆರೆದು ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಡಿಸ್‌ಪ್ಲೇ ಡ್ರೈವರ್ ಇದರಲ್ಲಿ ಜಾಸ್ತಿ ಸಿಗುವ ಆಸಾಮಿ. ಸರ್ವಿಸ್ ಯಾವುದು ಎಂದು ತಿಳಿಯದಿದ್ದರೆ ಎಂಎಸ್‌ಕಾನ್ಫಿಗ್ ತೆರೆಯಿರಿ. ಸರ್ವಿಸಸ್ ಪುಟದ ಕೆಳಗೆ ಮೈಕ್ರೋಸಾಫ್ಟ್ ಸರ್ವಿಸ್‌ಗಳನ್ನು ಮರೆಮಾಡುವ ಟಿಕ್ ಇದೆ. ಅದನ್ನು ಹಾಕಿದ ಮೇಲೆ ಮಾತ್ರ ಉಳಿದವನ್ನು ಆಫ್ ಮಾಡಿ. ಟಿಕ್ ಹಾಕದೆ ಎಲ್ಲ ಆಫ್ ಮಾಡಿದ ಒಬ್ಬ ಹುಡುಗನ ಲ್ಯಾಪ್‌ಟಾಪಿನಲ್ಲಿ ನೆಟ್ಟೂ ಇಲ್ಲ, ಸೌಂಡೂ ಇಲ್ಲ ಆಗಿತ್ತು. ಆಫ್ ಮಾಡಿ ರೀಸ್ಟಾರ್ಟ್ ಕೊಟ್ಟಾಗ ನಿಮ್ಮ ಮಷಿನ್ ಬೇಗ ಎದ್ದರೆ, ಆ ಸರ್ವಿಸ್‌ಗಳನ್ನು ಅರ್ಧರ್ಧ ಆನ್ ಮಾಡುತ್ತಾ ಬನ್ನಿ, ತಡ ಮಾಡುವುದು ಸಿಗುತ್ತದೆ.

ವಿಂಡೋಸ್ ಫೈಲುಗಳೇ ಕೆಟ್ಟಿದ್ದರೆ ಎರಡು ಆಜ್ಞೆ ಇವೆ. ಫೋನಿನಲ್ಲಿ ಹೇಳುವ ಹಾಗೇ ಹೇಳುತ್ತೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಮೊದಲನೆಯದು: ಡಿ ಐ ಎಸ್ ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಅಡ್ಡಗೆರೆ ಇಮೇಜ್, ಸ್ಪೇಸ್, ಸ್ಲ್ಯಾಶ್ ರೀಸ್ಟೋರ್ ಹೆಲ್ತ್ ಎರಡೂ ಕೂಡಿಸಿ. ಅದು ಮುಗಿದ ಮೇಲೆ ಎರಡನೆಯದು: ಎಸ್ ಎಫ್ ಸಿ, ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್ ನೌ ಎರಡೂ ಕೂಡಿಸಿ. ಮೊದಲನೆಯದಕ್ಕೆ ನೆಟ್ ಬೇಕು. ನಡುವೆ ಪರ್ಸೆಂಟ್ ನಿಂತಂತೆ ಕಂಡರೂ ಕಾಯಿರಿ. ಆದರೆ ಮುಂದಿನ ವಿಭಾಗದಲ್ಲಿ ಹೇಳುವ ಡಿಸ್ಕ್ ಲಕ್ಷಣ ಇದ್ದರೆ ಇವನ್ನು ಓಡಿಸಲೇಬೇಡಿ.

"ಡಿಸ್ಕ್ ಯಾವಾಗ್ಲೂ 100 ಪರ್ಸೆಂಟ್ ತೋರಸ್ತೈತಿ"

ನನ್ನ ಟೇಬಲ್ಲಿಗೆ ಬರುವ ಮಷಿನ್‌ಗಳಲ್ಲಿ ಕೊನೆಗೆ ನಿಜವಾದ ದೋಷ ಸಿಗುವುದು ಬಹಳ ಸಲ ಇಲ್ಲಿಯೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಳೆಯ ಹಾರ್ಡ್ ಡಿಸ್ಕಿನ ಒಳಗೆ ತಟ್ಟೆ ತಿರುಗುತ್ತದೆ. ಲ್ಯಾಪ್‌ಟಾಪಿನದು ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು. ಅದರ ಮೇಲೆ ಒಂದು ಸೂಜಿಯಂಥ ತೋಳು ಅತ್ತಿತ್ತ ಓಡಾಡಿ ಓದುತ್ತದೆ. ಚದುರಿದ ಸಣ್ಣ ಫೈಲುಗಳನ್ನು ಅದು ಸೆಕೆಂಡಿಗೆ ಸುಮಾರು 100 ಸಲ ಮಾತ್ರ ಹುಡುಕಿ ಓದಬಲ್ಲದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದು ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ವಿಂಡೋಸ್ ಏಳುವುದು ಅಂದರೆ ಸಾವಿರಾರು ಸಣ್ಣ ಫೈಲು ಓದುವುದೇ.

ಅಪ್‌ಡೇಟ್ ಏನು ಮಾಡುತ್ತದೆ? ಹಲವು ಜಿಬಿ ಹೊಸದಾಗಿ ಬರೆಯುತ್ತದೆ. ಆ ಫೈಲುಗಳು ತಟ್ಟೆಯ ಮೇಲೆ ಇದುವರೆಗೆ ಬಳಸದ ಜಾಗಕ್ಕೆ ಹೋಗಿ ಕೂರುತ್ತವೆ. ಆ ಜಾಗ ದುರ್ಬಲವಾಗಿದ್ದರೆ ಒಂದು ಫೈಲು ಓದಲು ಡಿಸ್ಕ್ ಮತ್ತೆ ಮತ್ತೆ ಯತ್ನಿಸುತ್ತದೆ. ನಿಮಗೆ ಕಾಣುವುದು ತಿರುಗುವ ಗೋಲ್ ಮಾತ್ರ. ಡಿಸ್ಕ್ ಮೊದಲೇ ಸವೆದಿತ್ತು, ಅಪ್‌ಡೇಟ್ ಅದನ್ನು ಬಯಲಿಗೆ ತಂದಿತು.

ಮೊದಲು ರ್‍ಯಾಮ್ ನೋಡಿಬಿಡಿ. ಮಷಿನ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಜಾಗ ಅದು, ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಎಂದು ಕಾಣುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೀಗಾಗಿ ಹಳೆಯ ಮಷಿನ್‌ಗಳನ್ನೂ 11ಕ್ಕೆ ಏರಿಸಿದವರು ಬಹಳ. ವಿಂಡೋಸ್ 11 ಕೇಳುವ ಕನಿಷ್ಠ ರ್‍ಯಾಮ್ 4 ಜಿಬಿ. ಕನಿಷ್ಠ ಅಂದರೆ ಎದ್ದು ನಿಲ್ಲಲು ಸಾಕು, ನಡೆಯಲು ಸಾಲದು. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ 85-90 ಪರ್ಸೆಂಟ್ ದಾಟಿದ್ದರೆ ಮಷಿನ್ ರ್‍ಯಾಮ್ ಸಾಲದೆ ಡಿಸ್ಕನ್ನೇ ರ್‍ಯಾಮ್ ಥರ ಬಳಸುತ್ತಿದೆ. ಆಗ ಡಿಸ್ಕ್ 100 ತೋರಿಸುವುದು ಸಹಜ. 8 ಜಿಬಿಗೆ ಏರಿಸಿದರೆ ಉಸಿರಾಡುತ್ತದೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಕೊಳ್ಳುವ ಮೊದಲು ಕೇಳಿ.

ಮೆಮೊರಿ ಅರ್ಧವೂ ತುಂಬಿಲ್ಲ, ಆದರೂ ಡಿಸ್ಕ್ 100, ಓದುವ ವೇಗ ನೋಡಿದರೆ ಸೆಕೆಂಡಿಗೆ ಒಂದೆರಡು ಎಂಬಿ. ಇದು ಕೆಟ್ಟ ಲಕ್ಷಣ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಪುಕ್ಕಟೆ ಸಾಧನ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ಗುಡ್ ಎಂದಿದ್ದರೆ ಸರಿ. ಹಳದಿಯಲ್ಲಿ ಕಾಷನ್ ಎಂದಿದ್ದರೆ 05, ಸಿ5, ಸಿ6 ಎಂಬ ಮೂರು ಸಾಲು ನೋಡಿ. 05 ಅಂದರೆ ಕೆಟ್ಟು ಬದಲಿ ಕೊಟ್ಟಾದ ಜಾಗ. ಸಿ5 ಅಂದರೆ ಓದಲು ತಡವರಿಸುತ್ತಿರುವ ಜಾಗ. ಸಿ6 ಅಂದರೆ ಓದಲಾಗದೇ ಹೋದದ್ದು. ಸಿ5 ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕಿನ ದಿನ ತುಂಬುತ್ತಿದೆ.

ಕಿವಿಗೊಟ್ಟು ಕೇಳಿ. ಟಕ್, ಟಕ್, ಟಕ್ ಎಂದು ಒಂದೇ ತಾಳದ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಮಷಿನ್ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ಪರೀಕ್ಷೆ ಮಾಡಬೇಡಿ, ಡಿಸ್ಕಿನ ದೋಷ ಹುಡುಕುವ ಚೆಕ್ ಡಿಸ್ಕ್ ಓಡಿಸಬೇಡಿ. ಸಾಯುತ್ತಿರುವ ಡಿಸ್ಕಿನ ಮೇಲೆ ಚೆಕ್ ಡಿಸ್ಕ್ ಅಂದರೆ ಜ್ವರ ಬಂದವನನ್ನು ನೃಪತುಂಗ ಬೆಟ್ಟ ಹತ್ತಿಸಿದ ಹಾಗೆ. ಡೇಟಾ ಬೇಕೆಂದರೆ ನೇರ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ.

ಧಾರವಾಡದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ತಂದಾಗ ಡಿಸ್ಕ್ ಸದ್ದು ಇನ್ನೂ ಶುರುವಾಗಿರಲಿಲ್ಲ, ಸಿ5 ಮಾತ್ರ ಏರಿತ್ತು. "ಅಪ್‌ಡೇಟ್ ತೆಗೆದುಬಿಡ್ರಿ ಅಣ್ಣಾ, ಸಾಕು" ಅಂದಳು. ನಾವು ಮೊದಲು ಥೀಸಿಸ್ ಕಾಪಿ ಮಾಡಿದೆವು. ಐದು ವರ್ಷದ ಕೆಲಸ, ಹಳ್ಳಿಹಳ್ಳಿ ತಿರುಗಿ ಮಾಡಿದ ರೆಕಾರ್ಡಿಂಗ್‌ಗಳು. ಕಾಪಿ ಆಗಲು ಒಂದು ಇಡೀ ರಾತ್ರಿ ಹಿಡಿಯಿತು. ಮೂರನೇ ದಿನ ಆ ಡಿಸ್ಕ್ ಏಳಲೇ ಇಲ್ಲ. ಆ ರಾತ್ರಿ ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಡಿಸ್ಕ್ ಆರೋಗ್ಯವಾಗಿದ್ದು ಬರೀ ನಿಧಾನವಾಗಿದ್ದರೆ ಎಸ್‌ಎಸ್‌ಡಿ ಹಾಕಿಸಿ, ಹಳೆಯ ಡಿಸ್ಕನ್ನು ಹಾಗೇ ಕ್ಲೋನ್ ಮಾಡಿಸಿ. ವಿಂಡೋಸ್, ಟ್ಯಾಲಿ, ಫಾಂಟ್ ಎಲ್ಲ ಇದ್ದ ಹಾಗೇ ಬರುತ್ತವೆ. ಹಳೆಯ ಮಷಿನ್ನಿಗೆ ಇದರಷ್ಟು ಜೀವ ತುಂಬುವ ಖರ್ಚು ಬೇರೆ ಇಲ್ಲ.

"ಚಾಲೂ ಮಾಡಿದ ಕೂಡ್ಲೆ ಫ್ಯಾನ್ ಭರ್ರ ಅಂತೈತಿ"

ಸಿಪಿಯು ಬಿಸಿಯಾದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಅಪ್‌ಡೇಟ್ ನಂತರದ ಕೆಲಸದ ಹೊರೆಯಲ್ಲಿ ಇದು ಎದ್ದು ಕಾಣುತ್ತದೆ. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ಕೆಲಸ ತುಂಬ ಇದ್ದಾಗಲೂ ವೇಗ 1 ಗಿಗಾಹರ್ಟ್ಸ್‌ಗಿಂತ ಕೆಳಗಿದ್ದರೆ ಶಾಖ, ಇಲ್ಲವೇ ಹೊಂದದ ಚಾರ್ಜರ್ ಕಾರಣ ಇರಬಹುದು.

ನಮ್ಮ ಕಡೆಯ ಎರೆಮಣ್ಣಿನ ದೂಳು ಬಹಳ ನುಣುಪು, ಫ್ಯಾನಿನ ಜಾಲರಿಯಲ್ಲಿ ಕಂಬಳಿಯಂತೆ ಕೂರುತ್ತದೆ. ಜಿನ್ನಿಂಗ್ ಮಿಲ್ಲಿನ ಹತ್ತಿರದ ಮಷಿನ್ನಿನಲ್ಲಿ ಹತ್ತಿಯ ಎಳೆ ಸಿಗುತ್ತದೆ. ಬ್ಯಾಡಗಿಯಿಂದ ಬಂದ ಕ್ಯಾಬಿನೆಟ್ ತೆರೆಯುವಾಗ ನಾನು ಮಾಸ್ಕ್, ಕನ್ನಡಕ ಎರಡೂ ಹಾಕಿಕೊಳ್ಳುತ್ತೇನೆ. ಒಳಗಿನ ಕೆಂಪು ಪುಡಿ ಬ್ಲೋವರ್ ಹಿಡಿದರೆ ಕಣ್ಣಿಗೇ ಬರುತ್ತದೆ. ನೀವೂ ಹಾಗೇ ಮಾಡಿ, ಮನೆಯ ಹೊರಗೆ ತೆರೆಯಿರಿ. ವೈರ್ ಕಿತ್ತಿರಬೇಕು. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ. ಕರೆಂಟ್ ಬರುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ಲ್ಯಾಪ್‌ಟಾಪಿನ ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಚಾರ್ಜ್ ಹಾಕಬೇಡಿ, ಒತ್ತಬೇಡಿ, ಅಂಗಡಿಗೆ ತನ್ನಿ.

"ಕಂಪನಿ ಲೋಗೋ ಬರಾಕನ ತಡ ಆಗತೈತಿ"

ಮೊದಲ ಹೊತ್ತು ಉದ್ದ. ಆಗ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ಸ್ಟಾರ್ಟ್‌ಅಪ್ ಆ್ಯಪ್ಸ್ ಪುಟದ ಮೇಲ್ಗಡೆ ಲಾಸ್ಟ್ ಬಯೋಸ್ ಟೈಮ್ ಎಂದಿರುತ್ತದೆ. ಅದು 20-30 ಸೆಕೆಂಡ್ ದಾಟಿದ್ದರೆ ಸಿಕ್ಕಿಸಿಟ್ಟ ಪೆನ್ ಡ್ರೈವ್ ತೆಗೆಯಿರಿ. ಡೆಸ್ಕ್‌ಟಾಪಿನಲ್ಲಿ ತಾರೀಖು, ಗಂಟೆ ದಿನಾ ತಪ್ಪುತ್ತಿದ್ದರೆ ಬೋರ್ಡಿನ ಮೇಲಿನ ಸಿಆರ್ 2032 ಎಂಬ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಅಗ್ಗದ್ದು, ಬದಲಿಸಿ. ಎರಡೂ ಅಲ್ಲದಿದ್ದರೆ ಡಿಸ್ಕನ್ನೇ ಗುರುತಿಸಲು ಅದು ಹೆಣಗುತ್ತಿರಬಹುದು. ಬಯೋಸ್ ಅಪ್‌ಡೇಟನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು.

ಹಿಂದಕ್ಕೆ ಹೋಗುವುದು ಯಾವಾಗ

ಡಿಸ್ಕ್ ಚೆನ್ನಾಗಿದೆ, ರ್‍ಯಾಮ್ ಸಾಕಷ್ಟಿದೆ, ಮೇಲಿನ ಎಲ್ಲ ಆಯಿತು, ಆದರೂ ಅಪ್‌ಡೇಟ್ ದಿನದಿಂದಲೇ ತಡ. ಆಗ ಮಾತ್ರ. ತಿಂಗಳ ಅಪ್‌ಡೇಟ್ ಆದರೆ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. 10ರಿಂದ 11ಕ್ಕೆ ಏರಿಸಿದ್ದರೆ ಸಿಸ್ಟಮ್, ರಿಕವರಿ ಒಳಗೆ ಗೋ ಬ್ಯಾಕ್ ಇರುತ್ತದೆ. ಅದು ಸಿಗುವುದು 10 ದಿನ ಮಾತ್ರ. ತಾರೀಖು ಬರೆದಿಡಿ. ಡೆಸ್ಕ್‌ಟಾಪ್ ಬರುವುದೇ ಇಲ್ಲ ಎಂದಾದರೆ ಪಾಸ್‌ವರ್ಡ್ ಪರದೆಯಲ್ಲಿ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ರಿಪೇರಿ ಪರದೆಯಲ್ಲಿ ಟ್ರಬಲ್‌ಶೂಟ್ ಒಳಗೆ ಅದೇ ಅನ್‌ಇನ್‌ಸ್ಟಾಲ್ ಸಿಗುತ್ತದೆ. ಬಿಟ್‌ಲಾಕರ್ ಕೀ ಕೈಯಲ್ಲಿರಲಿ. ತೆಗೆದ ಅಪ್‌ಡೇಟ್ ಭದ್ರತೆಗೆ ಬೇಕಾದದ್ದೇ. ಮುಂದಿನ ತಿಂಗಳದ್ದು ಬಂದಾಗ ಹಾಕಿಕೊಳ್ಳಿ.

ಅಂಗಡಿಗೆ ತರುವಾಗ

ಡಿಸ್ಕ್ ಸದ್ದು, ಊದಿದ ಬ್ಯಾಟರಿ, ಸುಟ್ಟ ವಾಸನೆ, ಗೊತ್ತಿಲ್ಲದ ಬಿಟ್‌ಲಾಕರ್ ಕೀ, ಪದೇ ಪದೇ ನೀಲಿ ಪರದೆ. ಇವು ಐದರಲ್ಲಿ ಯಾವುದಿದ್ದರೂ ನೀವಾಗಿ ಮುಂದುವರಿಯಬೇಡಿ.

ಚಾರ್ಜರ್ ತನ್ನಿ. ಮೂರು ಹೊತ್ತು ಬರೆದ ಚೀಟಿ ತನ್ನಿ, ಅದು ನಮ್ಮ ಅರ್ಧ ದಿನ ಉಳಿಸುತ್ತದೆ. "ಫಾರ್ಮ್ಯಾಟ್ ಮಾಡ್ರಿ" ಅನ್ನುವ ಬದಲು "ಡಿಸ್ಕ್ ಹೆಂಗೈತಿ ನೋಡ್ರಿ, ನನ್ನ ಕೇಳದ ಏನೂ ಅಳಸಬ್ಯಾಡ್ರಿ" ಅನ್ನಿ. ನನ್ನ ಅಂಗಡಿ ಇರಲಿ, ಯಾರದೇ ಇರಲಿ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ವಾಪಸ್ ತೆಗೆದುಕೊಳ್ಳಿ. ಅದರಲ್ಲಿರುವುದು ನಿಮ್ಮ ಮನೆಯ ಫೋಟೋ, ನಿಮ್ಮ ಲೆಕ್ಕ. ಹೊಸದರಲ್ಲಿ ಎಲ್ಲ ಬಂದಿದೆಯೇ ಎಂದು ಒಂದು ತಿಂಗಳು ನೋಡಿಕೊಳ್ಳುವವರೆಗೆ ಅದು ನಿಮ್ಮ ಕಪಾಟಿನಲ್ಲಿರಲಿ.